ತೂಬು ಎತ್ತಿದ ಕೈಗಳು: ಪಾಲಾರ್ ನದಿ, ಕೋಲಾರದ ಕೆರೆಗಳು, ನಮ್ಮ ನೀರುಗಂಟಿಗಳು

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕೆರೆ ಹೂಳೆತ್ತೋ ಕಡೆ, ನದಿ ಪುನಶ್ಚೇತನ ಅಂತ ಬ್ಯಾನರ್ ಕಟ್ಟೋ ಕಡೆ ಈಗ ಎಲ್ಲೆಲ್ಲೂ ಒಂದೇ ಮಾತು: ‘ಸಮುದಾಯದ ಸಹಭಾಗಿತ್ವದಲ್ಲಿ’. ಮಾತೇನೋ ಚೆನ್ನಾಗಿದೆ. ಆದರೆ ಆ ಸಮುದಾಯ ಅಂದ್ರೆ ಯಾರಪ್ಪಾ ಅಂತ ಕೇಳಿ ನೋಡಿ. ‘ಊರವರು’ ಅಂತಾರೆ. ಊರವರು ಅಂದ್ರೆ? ಊರು ಮಾತ್ರನಾ, ಕೇರಿನೂ ಸೇರಿನಾ? ಅಲ್ಲಿಗೆ ಮಾತು ನಿಲ್ಲುತ್ತೆ. ಈ ಪ್ರಶ್ನೆ ಇಟ್ಕೊಂಡೇ ಪಾಲಾರ್ ನದಿಯ ಕಥೆ ಹೇಳ್ತೀನಿ, ಯಾಕಂದ್ರೆ ಆ ನದಿ ಕಾಯ್ದವರ ಹೆಸರು ಯಾವ ಕಲ್ಲಲ್ಲೂ ಇಲ್ಲ, ಯಾವ ಬ್ಯಾನರಲ್ಲೂ ಇಲ್ಲ.

ಪಾಲಾರ್ ಹುಟ್ಟೋದು ನಂದಿ ಬೆಟ್ಟಗಳ ಸೀಮೆಯ ತಲಗವಾರದ ಹತ್ತಿರ. ಕರ್ನಾಟಕದಲ್ಲಿ 93 ಕಿಲೋಮೀಟರ್, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222 ಕಿಲೋಮೀಟರ್ ಹರಿದು ಕಲ್ಪಾಕ್ಕಂ ಹತ್ತಿರ ಸಮುದ್ರ ಸೇರುತ್ತೆ. ಇದು ನಕ್ಷೆಯ ಲೆಕ್ಕ. ಕೋಲಾರದ ಕಡೆ ಬಂದು ನದಿ ತೋರಿಸಿ ಅಂದ್ರೆ ಜನ ನಗ್ತಾರೆ. ಇಲ್ಲಿ ನದಿ ಅಂತ ಕಣ್ಣಿಗೆ ಕಾಣೋದೇ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದು ತುಂಬಿ ಕೋಡಿ ಹೋದ್ರೆ ಅದರ ಕೆಳಗಿನದಕ್ಕೆ. ಸರಪಳಿ ಇದ್ದಂಗೆ. ಮೇಲೊಂದು ಏರಿ ಒಡೆದ್ರೆ ಕೆಳಗಿನ ಹತ್ತು ಏರಿಗೆ ಗಂಡಾಂತರ. ಮಧ್ಯದಲ್ಲಿ ಒಂದು ಕಾಲುವೆ ಮುಚ್ಚಿಹೋದ್ರೆ ಕೆಳಗಿನವು ಒಣಗ್ತವೆ. ಹಾಗಾಗಿ ನಮ್ಮ ಸೀಮೆಯಲ್ಲಿ ನದಿ ಕಾಯೋದು ಅಂದ್ರೆ ಕೆರೆ ಕಾಯೋದೇ. 1860ರ ದಶಕದಲ್ಲಿ ಮೈಸೂರು ಸೀಮೆಯ ಎಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬ ಇಡೀ ರಾಜ್ಯ ಸುತ್ತಿ, ಇಲ್ಲಿ ಹೊಸದಾಗಿ ಕೆರೆ ಕಟ್ಟೋಕೆ ಒಂದು ಜಾಗ ಹುಡುಕೋದಕ್ಕೂ ಭಾರಿ ಜಾಣತನ ಬೇಕು ಅನ್ನೋ ಅರ್ಥದಲ್ಲಿ ಬರೆದ. ಅಷ್ಟು ಕೆರೆ ಕಟ್ಟಿದ್ವಿ. ಕಟ್ಟಿದ್ವಿ ಅಂತ ನಾನು ಬೇಕಂತಲೇ ಬರೀತಿದೀನಿ.

ಬೇತಮಂಗಲದ ಕೆರೆ ತಗೊಳ್ಳಿ. ಪಾಲಾರ್‌ಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ದೊಡ್ಡ ಕೆರೆ. ಹಳೇ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸನ ಹೆಸರು. ಆ ಕೆರೆ ಒಡೆದಿತ್ತು, ಹತ್ತನೇ ಶತಮಾನದಲ್ಲಿ ನೊಳಂಬ ಅರಸ ದುರಸ್ತಿ ಮಾಡಿಸಿದ. ಮತ್ತೆ ಒಡೀತು, ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಮತ್ತೆ ಕಟ್ಟಿಸಿದ. ಶಾಸನಗಳಲ್ಲಿ ಅವರ ಹೆಸರಿದೆ. ಕೆರೆ ಜೀರ್ಣೋದ್ಧಾರ ಅನ್ನೋದು ಮೊನ್ನೆ ಮೊನ್ನೆ ಎನ್‌ಜಿಒಗಳು ಕಂಡುಹಿಡಿದ ವಿಚಾರ ಅಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಇನ್ನೂ ಒಂದಕ್ಕೆ ಸಾಕ್ಷಿ: ಸಾವಿರ ವರ್ಷದ ಹಿಂದೆಯೂ ಮಣ್ಣು ಹೊತ್ತವರ ಹೆಸರು ಕಲ್ಲಿಗೆ ಏರಲಿಲ್ಲ. ‘ಮಾಡಿಸಿದ’ ಅನ್ನೋ ಕ್ರಿಯಾಪದ ನೋಡಿ. ಮಾಡಿಸಿದವನಿಗೆ ಶಾಸನ, ಮಾಡಿದವರಿಗೆ ಏನೂ ಇಲ್ಲ. ಈಗಿನ ಗ್ರಾನೈಟ್ ಫಲಕ ಓದಿ. ಶಾಸಕರ ಹೆಸರು, ಕಂಪನಿಯ ಸಿಎಸ್‌ಆರ್ ನಿಧಿ, ಗುತ್ತಿಗೆದಾರ. ವ್ಯಾಕರಣ ಬದಲಾಗಿಲ್ಲ.

ಏರಿಗೆ ಮಣ್ಣು ಹಾಕಿದವರಲ್ಲಿ ಒಡ್ಡರು ಮುಖ್ಯರು, ಇವತ್ತಿನ ಭೋವಿಗಳು. ಮಣ್ಣು ಒಡ್ಡರು, ಕಲ್ಲು ಒಡ್ಡರು ಅಂತ ಕೆಲಸದ ಮೇಲೇ ಹೆಸರು. ಊರಿಂದೂರಿಗೆ ಗುಡಾರ ಹೊತ್ತು ತಿರುಗಿ ಕೆರೆ ತೋಡಿದವರಿಗೆ ಯಾವ ಕೆರೆಯ ಕೆಳಗೂ ಗದ್ದೆ ಸಿಗಲಿಲ್ಲ. ಅವರದ್ದೇ ಒಂದು ಪ್ರತ್ಯೇಕ ಕಥೆ, ಇನ್ನೊಮ್ಮೆ ಬರೀತೀನಿ. ಇವತ್ತು ಕಟ್ಟಿದವರ ಬಗ್ಗೆ ಅಲ್ಲ, ಕಾಯ್ದವರ ಬಗ್ಗೆ.

ಹನ್ನೆರಡು ಆಯಗಾರರು ಅಂತ ಊರಿನ ವ್ಯವಸ್ಥೆ ಇತ್ತಲ್ಲ, ಅದರಲ್ಲಿ ತೋಟಿ, ತಳವಾರರ ಜೊತೆ ನೀರುಗಂಟಿ ಒಬ್ಬ. ಕೋಲಾರ ಸೀಮೆಯಲ್ಲಿ ನೀರುಗಂಟಿಗಳು ಬಹುಪಾಲು ನಮ್ಮವರೇ, ಹೊಲೆಯರು, ಮಾದಿಗರು. ಕೆಲವು ಊರುಗಳಲ್ಲಿ ಬೇರೆ ಜಾತಿಯವರೂ ಇದ್ದರು. ತಮಿಳುನಾಡಿನ ಕಡೆ ಇದೇ ಕೆಲಸಕ್ಕೆ ನೀರ್ಕಟ್ಟಿ ಅಂತಾರೆ, ಅಲ್ಲೂ ಬಹಳ ಕಡೆ ದಲಿತರೇ. ನದಿ ಗಡಿ ದಾಟಿದ್ರೂ ಕೆಲಸದ ಜಾತಿ ದಾಟಲಿಲ್ಲ.

ಏನು ಕೆಲಸ? ಹೊರಗಿಂದ ನೋಡಿದವರು ‘ತೂಬು ತೆಗೆಯೋನು’ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಹಳೇ ಕೆರೆಗಳ ತೂಬು ಏರಿಗೆ ಅಂಟಿಕೊಂಡಿರಲ್ಲ, ನೀರೊಳಗೆ ಎರಡು ಕಲ್ಲುಕಂಬ ನಿಂತಿರ್ತವಲ್ಲ, ಅಲ್ಲಿರುತ್ತೆ. ಕೆರೆ ತುಂಬಿದಾಗ ಈಜಿ ಹೋಗಬೇಕು, ಬಿರಡೆ ಬಿಗಿದಿದ್ರೆ ಮುಳುಗಿ ಎತ್ತಬೇಕು. ಬೆಳಗ್ಗೆ ಎತ್ತಿದ್ದನ್ನ ಸಂಜೆ ಮುಚ್ಚಬೇಕು. ಎಷ್ಟು ಎತ್ತಬೇಕು ಅನ್ನೋದು ಕೈಗೆ ಗೊತ್ತು. ಕೆರೆಯಲ್ಲಿ ಎಷ್ಟು ಮೆಟ್ಟಿಲು ನೀರಿದೆ, ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ನಾಟಿಯಾಗಿದೆ, ಪೈರು ಎಷ್ಟು ದಿನದ್ದು, ಇಷ್ಟು ನೀರಲ್ಲಿ ಕೊಯ್ಲಿನ ತನಕ ಮುಟ್ಟುತ್ತಾ ಇಲ್ವಾ, ಈ ಲೆಕ್ಕ ಎಲ್ಲ ತಲೇಲಿ. ಮಳೆ ಕಮ್ಮಿಯಾದ ವರ್ಷ ಪೂರಾ ಅಚ್ಚುಕಟ್ಟಿಗೆ ನೀರಿಲ್ಲ, ಇಂತಿಷ್ಟು ಬಯಲಿಗೆ ಮಾತ್ರ ಅಂತ ತೀರ್ಮಾನ ಆದಾಗ ಅದನ್ನ ಜಾರಿ ಮಾಡೋನು ಇವನೇ. ಯಾವ ಗದ್ದೆಗೆ ಎಷ್ಟು ಹೊತ್ತು, ಬಾಲದ ಗದ್ದೆಗೆ ಮುಟ್ಟಿತೋ ಇಲ್ವೋ, ರಾತ್ರಿ ಯಾರೋ ಕಳ್ಳತನದಲ್ಲಿ ಮಡೆ ಕಡಿದ್ರಾ, ಎಲ್ಲ ನೋಡ್ಕೊಬೇಕು. ಇನ್ನು ಭಾರಿ ಮಳೆ ಹೊಡೆದ ರಾತ್ರಿ ಊರೆಲ್ಲ ಮಲಗಿದ್ರೆ ಇವನು ಕಂಬಳಿ ಹೊದ್ದು ಏರಿ ಮೇಲೆ. ಹೆಗ್ಗಣದ ಬಿಲದಿಂದ ನೀರು ಸೋರೋದನ್ನ ಮೊದಲು ಕಾಣೋನು ಇವನು, ಹುಲ್ಲು ಮಣ್ಣು ತುರುಕಿ ಮುಚ್ಚೋನು ಇವನು, ಕೈಮೀರಿದ್ರೆ ತಮಟೆ ಬಡಿದು ಊರು ಎಬ್ಬಿಸೋರು ಇವನೂ ತೋಟಿನೂ.

ಇದನ್ನ ಇವತ್ತಿನ ಭಾಷೆಯಲ್ಲಿ ಹೈಡ್ರಾಲಜಿ ಅಂತಾರೆ, ಅದಕ್ಕೆ ಪದವಿ ಕೊಡ್ತಾರೆ. ನಮ್ಮ ಅಜ್ಜಂದಿರಿಗೆ ಕೊಟ್ಟಿದ್ದು ಕಣದಲ್ಲಿ ಒಂದಿಷ್ಟು ಆಯ, ಸುಗ್ಗಿಯಲ್ಲಿ ಎಲ್ಲರೂ ಅಳ್ಕೊಂಡ ಮೇಲೆ ಬರೋ ಕಾಳು. ಜೊತೆಗೆ ಕೆಲವರಿಗೆ ಇನಾಮು ಅಂತ ಒಂದು ತುಂಡು ಜಮೀನು.

ಒಂದು ವಿಚಾರ ಬಹಳ ಜನ ಪರಿಸರವಾದಿಗಳು ಮೆಚ್ಚಿ ಬರೀತಾರೆ. ನೀರುಗಂಟಿಗೆ ಆ ಇನಾಮು ಬಿಟ್ಟರೆ ಅಚ್ಚುಕಟ್ಟಿನಲ್ಲಿ ಸ್ವಂತ ಹಿಡುವಳಿ ಇರ್ತಿರಲಿಲ್ಲ, ಆದ್ದರಿಂದ ಅವನು ಪಕ್ಷಪಾತ ಇಲ್ಲದೆ ನೀರು ಹಂಚ್ತಿದ್ದ, ಎಂಥಾ ಜಾಣ ವ್ಯವಸ್ಥೆ ಅಂತ. ನನಗೆ ಇದನ್ನ ಓದಿದಾಗೆಲ್ಲ ಮೈ ಉರಿಯುತ್ತೆ. ಅವನಿಗೆ ಗದ್ದೆ ಇರಲಿಲ್ಲ ಅನ್ನೋದು ವ್ಯವಸ್ಥೆಯ ಜಾಣತನ ಅಲ್ಲ ಸ್ವಾಮಿ, ಅವನಿಗೆ ಗದ್ದೆ ಕೊಡಲಿಲ್ಲ ಅಂತ ಅರ್ಥ. ನಿಷ್ಪಕ್ಷಪಾತ ಬೇಕಿದ್ರೆ ಗೌಡರೂ ಗದ್ದೆ ಬಿಟ್ಟುಕೊಟ್ಟು ನೀರುಗಂಟಿ ಆಗಬಹುದಿತ್ತಲ್ಲ?

ಇನ್ನೊಂದು ಕಡೆ ಮುಟ್ಟಿನ ಲೆಕ್ಕ. ಅವನು ಮುಳುಗಿ ತೂಬು ಎತ್ತಿದ ನೀರು ಊರ ಗದ್ದೆಗೆಲ್ಲ ಹರೀಬೇಕು, ಅದರಲ್ಲಿ ಬೆಳೆದ ಭತ್ತ ದೇವರ ನೈವೇದ್ಯಕ್ಕೂ ಆಗುತ್ತೆ. ಆದ್ರೆ ಅವನ ಹೆಂಡತಿ ಊರ ಬಾವಿಗೆ ಕೊಡ ಇಳಿಸೋ ಹಾಗಿಲ್ಲ. ಮೈಲಿಗೆ ಅನ್ನೋದು ನೀರಿನ ಗುಣ ಅಲ್ಲ, ಅಧಿಕಾರದ ಗುಣ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ? ಮಹಾಡದಲ್ಲಿ ಬಾಬಾಸಾಹೇಬರು ಮುಟ್ಟಿ ತೋರಿಸಿದ್ದು ಇದನ್ನೇ. 1923ರಲ್ಲಿ ಮುಂಬೈ ಶಾಸನ ಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಅಂತ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆಯನ್ನ ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿತ್ತು. ಕಾಗದದಲ್ಲಿ ತೆರೆದಿತ್ತು, ಜಾತಿ ಮುಚ್ಚಿತ್ತು. 1927ರ ಮಾರ್ಚ್ 20ಕ್ಕೆ ಸಾವಿರಾರು ಜನ ನಡೆದು ಹೋಗಿ ನೀರು ಕುಡಿದ ಮೇಲೆ ಸವರ್ಣೀಯರು 108 ಮಡಕೆ ಪಂಚಗವ್ಯ ಸುರಿದು ‘ಶುದ್ಧಿ’ ಮಾಡಿದರು. ಮುಂಬೈ ಹೈಕೋರ್ಟಿನ ತೀರ್ಪು ನಮ್ಮ ಪರ ಬಂದಿದ್ದು 1937ರಲ್ಲಿ. ಹತ್ತು ವರ್ಷ, ಒಂದು ಕೆರೆಗೆ. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದು ಬರೆದಿರೋದು ಸುಮ್ಮನೆ ಅಲ್ಲ. ಕೆರೆ ಅನ್ನೋ ಪದ ನಮ್ಮ ಮೂಲಭೂತ ಹಕ್ಕಿನ ಅಧ್ಯಾಯದಲ್ಲಿದೆ ಅನ್ನೋದನ್ನ ಕೆರೆ ಪುನಶ್ಚೇತನದ ಎಷ್ಟು ಜನಕ್ಕೆ ಗೊತ್ತು?

ಸರಿ, ನೀರುಗಂಟಿಗೆ ಏನಾಯ್ತು? 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, 1963ರಿಂದ ಜಾರಿ ಆಯ್ತು. ಪಟೇಲ, ಶಾನುಭೋಗ, ತೋಟಿ, ನೀರುಗಂಟಿ, ಎಲ್ಲ ವಂಶಪಾರಂಪರ್ಯ ಹುದ್ದೆಗಳೂ ರದ್ದು. ಇದಕ್ಕೆ ನನಗೆ ದುಃಖ ಇಲ್ಲ, ಸ್ಪಷ್ಟವಾಗಿ ಹೇಳ್ತೀನಿ. ಮಹಾರ್ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಸಭೆಯಲ್ಲಿ ಮಸೂದೆ ತಂದಿದ್ದರು, ಯಾಕಂದ್ರೆ ಒಂದು ತುಂಡು ಜಮೀನಿನ ಆಸೆ ತೋರಿಸಿ ಇಡೀ ಕುಟುಂಬವನ್ನ ತಲೆಮಾರುಗಟ್ಟಲೆ ಬಿಟ್ಟಿ ಚಾಕರಿಗೆ ಕಟ್ಟಿಹಾಕೋ ಗೂಟ ಅದು. ಗೂಟ ಕಿತ್ತಿದ್ದು ಒಳ್ಳೇದೇ. ‘ಅಯ್ಯೋ ಹಳೇ ನೀರುಗಂಟಿ ಪದ್ಧತಿ ಎಷ್ಟು ಚಂದ ಇತ್ತು’ ಅಂತ ಹಲುಬೋ ಪರಿಸರಪ್ರೇಮಿಗಳ ಜೊತೆ ನಾನಿಲ್ಲ.

ಆದ್ರೆ ಗೂಟ ಕಿತ್ತವರು ಕೆಲಸವನ್ನ ಗೌರವದ ಸಂಬಳದ ಉದ್ಯೋಗ ಮಾಡಲಿಲ್ಲ. ಕೆರೆ ಇಲಾಖೆಗೆ ಹೋಯ್ತು, ಊರಿನ ಜ್ಞಾನ ಕೇರಿಯಲ್ಲೇ ಉಳೀತು. ಇನಾಮು ಜಮೀನು ಹುದ್ದೆ ಮಾಡ್ತಿದ್ದವರಿಗೇ ಮರುಮಂಜೂರು ಆಗಬೇಕು ಅಂತ ಕಾನೂನು. ಅರ್ಜಿ ಹಾಕಬೇಕು, ಹಣ ಕಟ್ಟಬೇಕು, ತಾಲ್ಲೂಕು ಕಚೇರಿಗೆ ಅಲೀಬೇಕು. ಎಷ್ಟು ಕುಟುಂಬದ ಜಮೀನು ಸಾಲಕ್ಕೆ, ಮದುವೆಗೆ, ಹೆದರಿಕೆಗೆ ಕೈಬಿಟ್ಟು ಹೋಯ್ತು ಅನ್ನೋದನ್ನ ನಿಮ್ಮ ನಿಮ್ಮ ಮನೆಯ ಹಿರಿಯರನ್ನ ಕೇಳಿ. ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ, ನಮ್ಮ ಕಾರ್ಯಕರ್ತರಲ್ಲೂ ಎಷ್ಟೋ ಜನ ಗಮನಿಸಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗದ ಹಾಗೆ ಕಾಯುತ್ತೆ ಅಲ್ವಾ? ಅದರಲ್ಲಿ ‘ಮಂಜೂರಾದ ಜಮೀನು’ ಅಂದ್ರೆ ಏನು ಅನ್ನೋ ವ್ಯಾಖ್ಯೆ ತೆಗೆದು ನೋಡಿ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಕಾನೂನಿನಡಿ ಬಂದ ಜಮೀನನ್ನ ಹೊರಗಿಟ್ಟಿದ್ದಾರೆ. ಅಂದ್ರೆ ತೋಟಿ ಇನಾಮು, ನೀರುಗಂಟಿ ಇನಾಮಿಗೆ ಆ ರಕ್ಷಣೆ ಇಲ್ಲ. ನೂರಾರು ವರ್ಷ ನೀರು ಕಾಯ್ದು ಸಂಪಾದಿಸಿದ ಜಮೀನೇ ಬೇಲಿಯಿಂದ ಆಚೆ!

ಆಮೇಲೆ ಬೋರ್‌ವೆಲ್ ಬಂತು. ಈ ಭಾಗ ಎಲ್ಲರಿಗೂ ಗೊತ್ತಿರೋದೇ. ದುಡ್ಡಿದ್ದವನು ಕೊರೆಸಿದ, ಅವನಿಗೆ ತೂಬಿನ ನೀರು ಬೇಡವಾಯ್ತು, ಅವನಿಗೆ ಬೇಡವಾದ ಮೇಲೆ ಕಾಲುವೆ ತೆಗೆಯೋರು ಯಾರೂ ಇಲ್ಲ. ನೀಲಗಿರಿ ನೆಟ್ಟರು. ಕೆರೆ ಅಂಗಳದಲ್ಲಿ ಜಾಲಿ ಬೆಳೀತು. ಸಾವಿರ ಅಡಿ ಕೊರೆದರೂ ನೀರಿಲ್ಲ, ಬಂದ ನೀರಲ್ಲಿ ಫ್ಲೋರೈಡು.

ಆಗ ‘ಸಮುದಾಯ’ ಅನ್ನೋ ಪದ ಪ್ರವೇಶ ಮಾಡಿತು. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣೆ ಯೋಜನೆ ಶುರುವಾಯ್ತು, ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ. ಕೋಲಾರದ ಕೆರೆಗಳೂ ಅದರಲ್ಲಿದ್ದವು. ಊರೂರಲ್ಲಿ ಕೆರೆ ಬಳಕೆದಾರರ ಸಂಘ. ಕಾಗದದಲ್ಲಿ ಎಲ್ಲರಿಗೂ ಜಾಗ ಇತ್ತು, ಭೂಮಿ ಇಲ್ಲದವರಿಗೆ, ಹೆಂಗಸರಿಗೆ, ನಮಗೆ. ಆದ್ರೆ ‘ಬಳಕೆದಾರ’ ಅಂದ ಕೂಡಲೇ ಊರಿನ ಕಣ್ಣಿಗೆ ಕಾಣೋದು ಅಚ್ಚುಕಟ್ಟಿನ ಖಾತೆದಾರ. ಎತ್ತಿದ ಹೂಳು ಚಿನ್ನದಂಥ ಗೊಬ್ಬರ. ಟ್ರ್ಯಾಕ್ಟರ್ ಇದ್ದವನ ಹೊಲಕ್ಕೆ ಹೋಗುತ್ತೆ. ಹೊಲ ಇಲ್ಲದವನು ಹೂಳು ತಗೊಂಡು ಎಲ್ಲಿ ಹಾಕ್ಕೊತಾನೆ, ತಲೆ ಮೇಲಾ? ಮೀನಿನ ಗುತ್ತಿಗೆ ಹರಾಜಲ್ಲಿ ಕೂಗೋ ತಾಕತ್ತಿದ್ದವನಿಗೆ. ಇನ್ನು ಬತ್ತಿದ ಕೆರೆಯ ಅಂಗಳದಲ್ಲಿ ರಾಗಿ, ಸೊಪ್ಪು ಬೆಳ್ಕೊಂಡು ಬದುಕ್ತಿದ್ದ ಭೂಹೀನರು ಪುನಶ್ಚೇತನದ ದಿನ ‘ಒತ್ತುವರಿದಾರರು’ ಆಗ್ತಾರೆ. ಜೆಸಿಬಿ ಮೊದಲು ಅವರ ಸೊಪ್ಪಿನ ಮಡಿ ಮೇಲೆ ಓಡುತ್ತೆ, ರಾಜಕಾಲುವೆ ನುಂಗಿದ ಲೇಔಟಿನ ಹತ್ತಿರ ಹೋಗೋಷ್ಟರಲ್ಲಿ ಡೀಸೆಲ್ ಮುಗಿದಿರುತ್ತೆ.

ನದಿ ಜೊತೆ ಗಡಿ ದಾಟಿ ಕೆಳಗೆ ಹೋಗೋಣ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆ, ಪಾಲಾರ್ ದಡದ ಚರ್ಮ ಹದ ಮಾಡೋ ಕಾರ್ಖಾನೆಗಳ ಊರುಗಳು. ಕಾರ್ಖಾನೆಗಳ ಕೊಳಕು ನದಿಯ ಮರಳಿಗೆ, ಬಾವಿಗಳಿಗೆ ಇಳೀತು. 1996ರಲ್ಲಿ ಸುಪ್ರೀಂ ಕೋರ್ಟ್ ವೆಲ್ಲೂರು ನಾಗರಿಕರ ವೇದಿಕೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು, ಮಾಲಿನ್ಯ ಮಾಡಿದವನೇ ತೆರಬೇಕು ಅನ್ನೋ ತತ್ವ, ಇಡೀ ದೇಶದ ಪರಿಸರ ಕಾನೂನಿಗೆ ಅಡಿಗಲ್ಲಾಯ್ತು. ಕಾನೂನು ಓದೋ ಪ್ರತಿಯೊಬ್ಬರೂ ಅದನ್ನ ಓದ್ತಾರೆ. ಆದ್ರೆ ಆ ಸುಣ್ಣದ ಗುಂಡಿಗಳಲ್ಲಿ ಬರಿಗಾಲಲ್ಲಿ ನಿಂತವರು ಯಾರು ಅನ್ನೋದನ್ನ ಯಾರೂ ಪಾಠ ಮಾಡಲ್ಲ. ಮೇಲೆ ನೀರು ಕಾಯ್ದವರೂ ನಮ್ಮವರು, ಕೆಳಗೆ ಚರ್ಮದ ಜೊತೆ ಕೊಳೆತವರೂ ನಮ್ಮವರು. ನಡುವೆ ಕೆಜಿಎಫ್. ಚಿನ್ನದ ಗಣಿಗೆ ನೀರು ಹೋಗಿದ್ದು ಬೇತಮಂಗಲದಿಂದ, ಅದೇ ಪಾಲಾರ್ ನೀರು. ಗಣಿ ಒಳಗೆ ಇಳಿದವರಲ್ಲಿ ದೊಡ್ಡ ಪಾಲು ಆರ್ಕಾಟಿನ ಕಡೆಯಿಂದ, ಅಂದ್ರೆ ಇದೇ ನದಿಯ ಕೆಳದಂಡೆಯಿಂದ ಬಂದ ದಲಿತರು.

ಅದೇ ವೆಲ್ಲೂರು ಜಿಲ್ಲೆಯಲ್ಲಿ, ಪಾಲಾರ್ ಕಣಿವೆಯಲ್ಲೇ, ನಾಗನದಿ ಅಂತ ಸಣ್ಣ ನದಿ ಇದೆ. ಒಣಗಿತ್ತು. ಕಳೆದ ದಶಕದಲ್ಲಿ ಸುಮಾರು 20,000 ಹೆಣ್ಮಕ್ಕಳು ನರೇಗಾ ಕೂಲಿಯಲ್ಲಿ ಇಂಗುಬಾವಿ ತೋಡಿ, ಕಲ್ಲಿನ ತಡೆ ಕಟ್ಟಿ ಅಂತರ್ಜಲ ಏರಿಸಿದರು. ದೇಶ ಎಲ್ಲ ಸುದ್ದಿಯಾಯ್ತು. ಯೋಜನೆ ರೂಪಿಸಿದ ಸಂಸ್ಥೆಯ ಹೆಸರು ಎಲ್ಲ ವರದಿಯಲ್ಲೂ ಇದೆ, ಇರಲಿ, ಅವರ ಶ್ರಮ ನಾನು ಕಡೆಗಣಿಸಲ್ಲ. ಆ ಹೆಣ್ಮಕ್ಕಳು ಮಾತ್ರ ಬರೀ ಒಂದು ಸಂಖ್ಯೆ. ಮತ್ತೆ ಅದೇ ‘ಮಾಡಿಸಿದ’.

ನದಿ ಉಳಿಸಿದ ಸಮುದಾಯ ಅಂದ್ರೆ ಎಲ್ಲರೂ ಕೊಡೋ ಇನ್ನೊಂದು ಉದಾಹರಣೆ ರಾಜಸ್ಥಾನದ ಅರ್ವರಿ. ಅಲ್ವರ್ ಜಿಲ್ಲೆಯ ಹಳ್ಳಿಗರು 1980ರ ದಶಕದಿಂದ ಜೋಹಡ್‌ಗಳನ್ನ, ಅಂದ್ರೆ ಮಣ್ಣೇರಿಯ ಕುಂಟೆಗಳನ್ನ ಕಟ್ಟಿ ಕಟ್ಟಿ ಸತ್ತ ನದಿಯನ್ನ ಹರಿಸಿದರು. ನದಿಗೆ ತಮ್ಮದೇ ಸಂಸತ್ತು ಮಾಡ್ಕೊಂಡರು. ಅದು ನಿಜಕ್ಕೂ ದೊಡ್ಡ ಕೆಲಸ. 2000ದ ಮಾರ್ಚಿನಲ್ಲಿ ರಾಷ್ಟ್ರಪತಿಗಳೇ ಆ ಹಳ್ಳಿಗೆ ಬಂದು ಪ್ರಶಸ್ತಿ ಕೊಟ್ಟರು. ಆ ರಾಷ್ಟ್ರಪತಿ ಯಾರು? ಕೆ.ಆರ್. ನಾರಾಯಣನ್, ಆ ಕುರ್ಚಿಯಲ್ಲಿ ಕೂತ ಮೊದಲ ದಲಿತ. ಅದಾಗಿ ಎರಡು ವರ್ಷವೂ ಕಳೆದಿರಲಿಲ್ಲ, 2001ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಜೈಪುರ ಜಿಲ್ಲೆಯ ಚಕವಾಡಾದಲ್ಲಿ ಊರ ಕೆರೆಯ ಘಟ್ಟದಲ್ಲಿ ಸ್ನಾನ ಮಾಡಿದ್ದಕ್ಕೆ ಇಬ್ಬರು ಬೈರವಾ ದಲಿತರಿಗೆ ದಂಡ, ಬಹಿಷ್ಕಾರ. ಆ ಊರೂ ಅರ್ವರಿಯೂ ಬೇರೆ ಬೇರೆ, ಒಂದರ ತಪ್ಪನ್ನ ಇನ್ನೊಂದರ ತಲೆಗೆ ಕಟ್ಟಲ್ಲ. ನಾನು ಹೇಳೋದಿಷ್ಟೇ: ನೀರು ವಾಪಸ್ ಬಂದ ಮಾತ್ರಕ್ಕೆ ನೀರಿನ ಜಾತಿ ಹೋಗಲ್ಲ.

ಈಗ ಕೋಲಾರಕ್ಕೇ ವಾಪಸ್ ಬರೋಣ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ನೀರು ಬರ್ತಿದೆ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಗುರಿ, ನೂರಕ್ಕೂ ಹೆಚ್ಚು ಕೆರೆಗಳಿಗೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ಹೋರಾಟಗಾರರು ಕೋರ್ಟಿಗೆ ಹೋದರು, ನನ್ನ ಬೆಂಬಲ ಆ ಬೇಡಿಕೆಗಿದೆ. 2021ರ ನವೆಂಬರ್ ಮಳೆಗಂತೂ ಕೆರೆಗಳು ಕೋಡಿ ಹರಿದು, ಪಾಲಾರ್ ಗಡಿಯಾಚೆ ಪ್ರವಾಹ ಆಗಿ ಉಕ್ಕಿತು. ಸತ್ತಿದೆ ಅಂದ್ಕೊಂಡ ನದಿಯನ್ನ ಜನ ಸಂಸಾರ ಸಮೇತ ಹೋಗಿ ನೋಡಿ ಬಂದರು.

ಕೆರೆ ತುಂಬಿದೆ, ಸಂತೋಷ. ಆದ್ರೆ ಈ ಯೋಜನೆಯ ನೀರನ್ನ ನೇರವಾಗಿ ಹೊಲಕ್ಕೆ ಎತ್ತೋ ಹಾಗಿಲ್ಲ, ಅಂತರ್ಜಲಕ್ಕೆ ಮಾತ್ರ. ಅಂದ್ರೆ ತೂಬು ಮುಚ್ಚಿಯೇ ಇರುತ್ತೆ. ಇಂಗಿದ ನೀರು ಯಾರಿಗೆ ಸಿಗುತ್ತೆ? ಬೋರ್‌ವೆಲ್ ಇದ್ದವನಿಗೆ. ತೂಬಿನ ಕೆಳಗೆ ಅಳಿದುಳಿದ ಅರ್ಧ ಎಕರೆ ನೀರುಗಂಟಿ ಇನಾಮು ಇರೋನಿಗೆ ಕಣ್ಣೆದುರು ತುಂಬಿದ ಕೆರೆ, ಗದ್ದೆಗೆ ಹನಿ ನೀರಿಲ್ಲ. ತೂಬು ಇದ್ದ ಕಾಲದಲ್ಲಿ ನೀರು ಹಂಚೋದು ಕಣ್ಣಿಗೆ ಕಾಣ್ತಿತ್ತು, ಜಗಳ ಆಡೋಕಾದ್ರೂ ಆಗ್ತಿತ್ತು. ನೆಲದೊಳಗಿನ ಹಂಚಿಕೆ ಕಾಣಲ್ಲ. ಜಗಳ ಯಾರ ಜೊತೆ ಆಡೋದು, ಮೋಟಾರ್ ಜೊತೆನಾ?

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಹೆಚ್ಚು. ಆದ್ದರಿಂದ ನಾವು ಕೇಳಬೇಕಾದ್ದು ಭಿಕ್ಷೆ ಅಲ್ಲ. ಕೆರೆ ಸಂಘದಲ್ಲಿ ಖಾತೆ ಇಲ್ಲದವರಿಗೂ ಮತ. ಮೀನಿನ ಗುತ್ತಿಗೆಯಲ್ಲಿ ಕೇರಿಯ ಹೆಣ್ಮಕ್ಕಳ ಸಂಘಕ್ಕೆ ಮೊದಲ ಹಕ್ಕು. ಅಂಗಳದಲ್ಲಿ ಬೆಳೀತಿದ್ದವರನ್ನ ಎಬ್ಬಿಸೋ ಮೊದಲು ಬದಲಿ ಜಮೀನು. ಕೆರೆ ಕಾಯೋ ಕೆಲಸಕ್ಕೆ ಪಂಚಾಯ್ತಿಯಿಂದ ಸಂಬಳದ ಹುದ್ದೆ, ಯಾವ ಜಾತಿಯವರಾದ್ರೂ ಬರಲಿ, ವಂಶದ ಗೂಟ ಬೇಡ. ಇನಾಮು ಜಮೀನಿಗೆ ಪಿಟಿಸಿಎಲ್ ರಕ್ಷಣೆ ಸಿಗೋ ಹಾಗೆ ಆ ವ್ಯಾಖ್ಯೆಗೆ ತಿದ್ದುಪಡಿ. ಮುಂದಿನ ಸಲ ನಿಮ್ಮೂರಲ್ಲಿ ಕೆರೆ ಹಬ್ಬ, ಬಾಗಿನ ಅಂತ ಕರೆದಾಗ ಈ ಐದು ಮಾತನ್ನ ಕಾಗದದಲ್ಲಿ ಬರ್ಕೊಂಡು ಹೋಗಿ, ಮೈಕ್ ಕೊಡದಿದ್ರೂ ಓದಿ.

ಇನ್ನೊಂದು ಕೆಲಸ ಇದೆ, ಇದನ್ನ ನಾವೇ ಮಾಡಬೇಕು. ಹಳೇ ನೀರುಗಂಟಿಗಳು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ನಿಮ್ಮೂರಿನ ಕೆರೆಯ ಹೆಸರು, ಮೇಲಿನ ಕೆರೆ ಯಾವುದು, ಕೋಡಿ ನೀರು ಯಾವ ಕೆರೆಗೆ ಹೋಗ್ತಿತ್ತು, ತೂಬು ಎಷ್ಟು, ಇನಾಮು ಜಮೀನು ಯಾವ ಸರ್ವೆ ನಂಬರಿನಲ್ಲಿತ್ತು, ಈಗ ಯಾರ ಕೈಲಿದೆ, ಇಷ್ಟನ್ನ ಮನೆಯ ಹಿರಿಯರನ್ನ ಕೂರಿಸ್ಕೊಂಡು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ. ಮರುಮಂಜೂರಾತಿ ಕಡತಕ್ಕೆ ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿಯ ನಮೂನೆ ನನ್ನ ಹತ್ತಿರ ಇದೆ, ಬೇಕಾದವರು ತಿಳಿಸಿ, ಕಳಿಸ್ತೀನಿ. ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ ಕಡೆಯ ಗೆಳೆಯರು ಮೊದಲು ಶುರು ಮಾಡಿದ್ರೆ ಮಳೆಗಾಲದೊಳಗೆ ಒಂದು ಪಟ್ಟಿ ಆಗುತ್ತೆ.

ಜೈಭೀಮ್.